ಕಲ್ಲು ತೆಗೆಯುವ ಊರಿನಲ್ಲಿ ಚಿತ್ರ ತೆಗೆಯುವುದು

ಹವ್ಯಾಸಿ ಎಂಬ ಮಾತಿಗೆ ನಮ್ಮಲ್ಲಿ ಎರಡು ಬೆಲೆಗಳಿವೆ. ನಾಟಕದ ವಿಚಾರ ಬಂದಾಗ ಅದು ಗೌರವದ ಮಾತು. ಹವ್ಯಾಸಿ ರಂಗಭೂಮಿ ಎಂದೊಡನೆ ಕೈಲಾಸಂ, ಶ್ರೀರಂಗ ಮೊದಲಾದವರ ಹೆಸರುಗಳು ನೆನಪಾಗುತ್ತವೆ. ವೃತ್ತಿ ಕಂಪನಿಗಳಿಂದಾಗದ ಕೆಲವು ಕೆಲಸಗಳನ್ನು ಹವ್ಯಾಸಿಗಳು ಮಾಡಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಚಿತ್ರಕಲೆಯ ವಿಚಾರಕ್ಕೆ ಬಂದರೆ ಅದೇ ಮಾತು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ‘ಅವರು ಹವ್ಯಾಸಿ ಚಿತ್ರಕಾರರು’ ಎಂದರೆ, ಬಿಡುವಾದಾಗ ಏನೋ ಗೀಚುತ್ತಾರೆ, ಯಾರಿಗೂ ಕೇಡಿಲ್ಲದ ಚಟ, ಎಂದು ಅರ್ಥ.

ನಾನು ಈ ಎರಡನೆಯ ಗುಂಪಿಗೆ ಸೇರಿದವನು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ರಾವೂರ ನನ್ನ ಊರು. ಸೇಡಮಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ಈಗ ನಿವೃತ್ತನಾಗಿದ್ದೇನೆ. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್ ಪರೀಕ್ಷೆ ಪಾಸು ಮಾಡಿದ್ದೇ ಈ ವಿಷಯದಲ್ಲಿ ನನಗಿರುವ ಪದವಿ. ಒಂದು ಚಿತ್ರವನ್ನೂ ಮಾರಿದವನಲ್ಲ. ಪ್ರದರ್ಶನದ ಗೋಡೆಗೆ ತೂಗುಹಾಕಿದವನೂ ಅಲ್ಲ. ಆದರೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ದಿನಕ್ಕೊಂದು ಪುಟದಂತೆ ಚಿತ್ರ ತೆಗೆಯುತ್ತ ಬಂದಿದ್ದೇನೆ. ಇಂಥ ದಿನಚರಿಯಿಂದ ಮನುಷ್ಯನಿಗೆ ಸಿಗುವುದೇನು, ಅವನ ಊರಿಗೆ ಸಿಗುವುದೇನಾದರೂ ಇದೆಯೆ ಎಂಬ ಪ್ರಶ್ನೆಯನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

‘ಚಿತ್ರ ತೆಗೆಯುವುದು’ ಎಂದೆ. ಬೆಂಗಳೂರು ಮೈಸೂರು ಕಡೆಯ ಸ್ನೇಹಿತರು ‘ಚಿತ್ರ ಬರೆಯುವುದು’ ಎನ್ನುತ್ತಾರೆ. ನಮ್ಮ ಕಡೆ ಹುಡುಗರು ಮಾಸ್ತರರಿಗೆ ‘ಚಿತ್ರ ತೆಗದು ತೋರಿಸ್ರಿ’ ಎನ್ನುತ್ತಾರೆ. ಬರೆಯುವವನು ತನ್ನಲ್ಲಿರುವುದನ್ನು ಹಾಳೆಯ ಮೇಲೆ ಇಡುತ್ತಾನೆ; ತೆಗೆಯುವವನು ಆಗಲೇ ಎಲ್ಲಿಯೋ ಇರುವುದನ್ನು ಹೊರಕ್ಕೆ ತರುತ್ತಾನೆ. ನಮ್ಮ ಊರಿನಲ್ಲಿ ಇದೇ ಕ್ರಿಯಾಪದಕ್ಕೆ ಇನ್ನೊಂದು ದೊಡ್ಡ ಬಳಕೆಯಿದೆ. ರಾವೂರ, ಶಹಾಬಾದ, ವಾಡಿ, ಚಿತ್ತಾಪುರಗಳ ಸುತ್ತಿನ ಜನ ತಲೆಮಾರುಗಳಿಂದ ಕಲ್ಲು ತೆಗೆಯುತ್ತ ಬಂದವರು. ಹೊಲದ ಮಣ್ಣು ಸರಿಸಿದರೆ ಸಾಕು, ಕೆಳಗೆ ಪದರು ಪದರಾಗಿ ಸುಣ್ಣದಕಲ್ಲು ಮಲಗಿರುತ್ತದೆ. ನಮ್ಮ ಜನರ ಬಾಯಲ್ಲಿ ಅದು ಫರ್ಸಿ. ಫರಶ್ ಎಂದರೆ ಉರ್ದುವಿನಲ್ಲಿ ನೆಲಹಾಸು. ಹೊರಗಿನವರು ಅದನ್ನು ಶಹಾಬಾದ್ ಕಲ್ಲು ಎಂದು ಕರೆಯುತ್ತಾರೆ. ತಾವು ಈಗ ಕುಳಿತಿರುವ ಮನೆಯ ಪಡಸಾಲೆಯೋ, ತಾವು ಓದಿದ ಶಾಲೆಯ ವರಾಂಡವೋ, ರೈಲ್ವೆ ನಿಲ್ದಾಣದ ಕಟ್ಟೆಯೋ ನಮ್ಮ ಕಡೆಯ ಕಲ್ಲಿನದಾಗಿರಬಹುದು.

ಇಂಥ ಊರಿನಲ್ಲಿ ಚಿತ್ರಕ್ಕೆ ವಸ್ತುವಾದರೂ ಏನಿದೆ ಎಂದು ಅನೇಕರು ಕೇಳಿದ್ದಾರೆ. ಅವರ ಕೇಳ್ವಿಕೆ ಸಹಜವಾದದ್ದೇ. ಬೆಟ್ಟವಿಲ್ಲ, ಜಲಪಾತವಿಲ್ಲ, ತೆಂಗಿನ ಸಾಲಿಲ್ಲ. ಒಂದು ಕಡೆ ಎರೆ ಹೊಲ, ತೊಗರಿ, ಜೋಳ. ಇನ್ನೊಂದು ಕಡೆ ಖಣಿಯ ಹೊಂಡ, ಒಡೆದ ಕಲ್ಲಿನ ದಿಬ್ಬ. ದಿಗಂತದಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ. ನಮ್ಮ ಶಾಲೆಯ ಮಕ್ಕಳಿಗೆ ‘ನಿಮ್ಮ ಊರಿನ ಚಿತ್ರ ತೆಗೆಯಿರಿ’ ಎಂದು ಹೇಳಿ ನೋಡಿ. ನೂರಕ್ಕೆ ತೊಂಬತ್ತು ಮಕ್ಕಳು ಎರಡು ಗುಡ್ಡ ತೆಗೆಯುತ್ತಾರೆ. ಗುಡ್ಡಗಳ ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಹೊರಟು ಅಗಲವಾಗುತ್ತ ಬರುವ ನದಿ, ದಡದಲ್ಲೊಂದು ಕೆಂಪು ಹೆಂಚಿನ ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗು. ಇವುಗಳಲ್ಲಿ ಒಂದೂ ರಾವೂರಿನಲ್ಲಿಲ್ಲ. ಆ ಮಗು ಖಣಿಯ ಅಂಚಿನಲ್ಲಿ ನಡೆದು ಶಾಲೆಗೆ ಬಂದಿರುತ್ತದೆ, ಕಲ್ಲಿನ ಚಪ್ಪಡಿ ನಿಲ್ಲಿಸಿದ ಕಾಂಪೌಂಡಿನೊಳಗೆ ಕುಳಿತಿರುತ್ತದೆ, ತಂದೆ ಕಲ್ಲು ಸೀಳುವವನಾಗಿರುತ್ತಾನೆ. ಆದರೂ ಚಿತ್ರವೆಂದರೆ ಬೇರೆ ಯಾವುದೋ ಊರಿನದೇ ಆಗಬೇಕೆಂದು ಅದಕ್ಕೆ ಯಾರೂ ಹೇಳಿಕೊಡದೆಯೇ ತಿಳಿದುಬಿಟ್ಟಿದೆ. ನನ್ನ ದಿನಚರಿಗೆ ಒಂದು ಉದ್ದೇಶವೆಂಬುದಿದ್ದರೆ, ಅದು ಈ ಮಗುವಿನ ಹಾಳೆಯಲ್ಲಿ ರಾವೂರಿಗೂ ಒಂದಷ್ಟು ಸ್ಥಳ ಕೇಳುವುದು.

ಮೊದಲು ನೋಡುವುದನ್ನು ಕುರಿತು ಹೇಳುತ್ತೇನೆ. ನಮ್ಮ ಕಲ್ಲು ಬೂದುಬಣ್ಣದ್ದೆಂದು ಎಲ್ಲರೂ ಹೇಳುತ್ತಾರೆ. ಒಂದು ವಾರ ಅದರ ಮುಂದೆ ಕುಳಿತವರು ಹಾಗೆ ಹೇಳಲಾರರು. ಒಂದು ಪದರಿನಲ್ಲಿ ನೀಲಿಯ ಛಾಯೆ, ಇನ್ನೊಂದರಲ್ಲಿ ಹಳದಿಯ ಛಾಯೆ. ಕೆಲವು ಕಡೆ ನಸುಗೆಂಪು. ಮಳೆ ಬಿದ್ದ ಕೂಡಲೆ ಅದೇ ಕಲ್ಲು ನೇರಳೆ ಹಣ್ಣಿನ ಸಿಪ್ಪೆಯಂತೆ ಕಪ್ಪಾಗುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಉಳಿಯ ಗುರುತುಗಳೆಲ್ಲ ಎದ್ದು ಕಾಣುತ್ತವೆ. ಬೇಸಗೆಯ ನಡುಹಗಲಿನಲ್ಲಿ ಎಲ್ಲವೂ ಬಿಳಿ. ನಮ್ಮ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ಅರ್ಧದಲ್ಲೊಮ್ಮೆ, ಆಗಸ್ಟಿನ ಆರಂಭದಲ್ಲೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳಿಲ್ಲ. ನೆರಳಿಲ್ಲದ ವಸ್ತುವಿಗೆ ಚಿತ್ರದಲ್ಲಿ ಮೈಯಿಲ್ಲ. ಹೀಗೆ, ಏನೂ ಇಲ್ಲವೆನಿಸಿಕೊಂಡ ಊರಿನ ಒಂದೇ ಕಲ್ಲು ವರ್ಷಕ್ಕೆ ಮುನ್ನೂರು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಪ್ರವಾಸಿ ಚಿತ್ರಕಾರನಿಗೆ ಇದು ದಕ್ಕದು; ಅವನು ಮೂರನೆಯ ದಿನ ಊರು ಬಿಡಬೇಕು. ಒಂದೇ ಕಡೆ ಉಳಿದುಬಿಟ್ಟವನಿಗೆ ದಕ್ಕುವ ಸಂಪತ್ತು ಇದು.

ಹೊತ್ತಿನ ಪ್ರಶ್ನೆ ಬರುತ್ತದೆ. ಸಂಸಾರಸ್ಥನಾದ ಗುಮಾಸ್ತನಿಗೆ ಬಿಡುವೆಲ್ಲಿ? ನನ್ನ ಚಿತ್ರಶಾಲೆ ಎಂದರೆ ವಾಡಿಯಿಂದ ಸೇಡಮಿಗೆ ಹೋಗುವ ಪ್ಯಾಸೆಂಜರ್ ಗಾಡಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಸಂಸ್ಥಾನ 1874ರಲ್ಲಿ ಹಾಕಿಸಿದ ರೈಲುಮಾರ್ಗ ಅದು. ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಮ್ ತಲುಪುವಷ್ಟರಲ್ಲಿ ಒಂದು ಪುಟ ಮುಗಿಯಬೇಕು ಎಂಬುದು ನಾನೇ ಹಾಕಿಕೊಂಡ ಕಟ್ಟು. ಚಲಿಸುವ ಗಾಡಿಯಲ್ಲಿ ನಯವಾದ ಗೆರೆ ಎಳೆಯಲಾಗುವುದಿಲ್ಲ. ಹಳಿಯ ಸಂದು ಬಂದಾಗಲೆಲ್ಲ ಕೈ ಜಿಗಿಯುತ್ತದೆ. ಆದ್ದರಿಂದ ಗೆರೆಗಳು ತುಂಡುತುಂಡಾಗುತ್ತವೆ, ಮಾತು ಕಡಿಮೆಯಾಗುತ್ತದೆ, ಅವಶ್ಯವಾದದ್ದಷ್ಟೇ ಹಾಳೆಯಲ್ಲಿ ಉಳಿಯುತ್ತದೆ. ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುವ ಮುದುಕ, ತರಕಾರಿ ಬುಟ್ಟಿಯ ಮೇಲೆ ಎರಡು ಕೈಗಳನ್ನೂ ಹರವಿ ಕುಳಿತ ಹೆಂಗಸು, ಪರೀಕ್ಷೆಯ ಪುಸ್ತಕದಲ್ಲಿ ಮುಖ ಹುದುಗಿಸಿದ ಹುಡುಗಿ ಇವರೇ ನನ್ನ ಮಾದರಿಗಳು. ಯಾರೂ ಭಂಗಿ ಕೊಟ್ಟು ಕುಳಿತವರಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುವವರನ್ನು ಚಿತ್ರಿಸುವವನಿಗೆ ನಾಳೆ ಎಂಬುದಿಲ್ಲ. ಈ ಆತುರವೇ ನನಗೆ ಗುರುವಾಯಿತು.

ಇನ್ನು ಸಲಕರಣೆಗಳು. ಒಳ್ಳೆಯ ಹಾಳೆ, ಒಳ್ಳೆಯ ಬಣ್ಣ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಿಗುತ್ತವೆ. ಗುಮಾಸ್ತನ ಸಂಬಳಕ್ಕೆ ಅವು ಹಬ್ಬದ ಅಡುಗೆ. ದಿನದ ರೊಟ್ಟಿಗೆ ನಾನು ಆರಿಸಿಕೊಂಡದ್ದು ಕಿರಾಣಿ ಅಂಗಡಿಯವರ ಕೆಂಪು ಬಟ್ಟೆಯ ಹೊದಿಕೆಯ ಕೀರ್ದಿ ಪುಸ್ತಕ. ಹೊಲಿಗೆ ಗಟ್ಟಿ, ಎಷ್ಟು ಬಿಚ್ಚಿ ಮುಚ್ಚಿದರೂ ಹಾಳೆ ಕಳಚುವುದಿಲ್ಲ. ಜಮಾ ಖರ್ಚಿನ ಗೆರೆಗಳ ಮೇಲೆಯೇ ಚಿತ್ರ. ಆ ಗೆರೆಗಳು ಮೊದಮೊದಲು ಕಣ್ಣಿಗೆ ಅಡ್ಡ ಬರುತ್ತಿದ್ದವು. ಆಮೇಲೆ ಕಟ್ಟಡದ ನೇರ, ಕಂಬದ ಓರೆ ಅಳೆಯಲು ಅವೇ ನೆರವಾದವು.

ಪೆನ್ಸಿಲ್ಲಿನ ವಿಷಯ ಒಂದು ಮಾತು. ಅದರೊಳಗಿನ ಕಡ್ಡಿಯನ್ನು ಸೀಸದ ಕಡ್ಡಿ ಎನ್ನುವ ರೂಢಿಯಿದೆ, ಅದರಲ್ಲಿ ಸೀಸವಿಲ್ಲ. ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಕಲಸಿ, ಎಳೆ ಎಳೆದು, ಕುಲುಮೆಯಲ್ಲಿ ಸುಟ್ಟ ವಸ್ತು ಅದು. ಯುದ್ಧದಿಂದಾಗಿ ಒಳ್ಳೆಯ ಗ್ರಾಫೈಟ್ ಬರುವುದು ನಿಂತುಹೋದಾಗ ಫ್ರಾನ್ಸಿನ ಕೋಂತೆ ಎಂಬಾತ 1795ರಲ್ಲಿ ಈ ಉಪಾಯ ಕಂಡುಹಿಡಿದ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳುವು. ಮಣ್ಣು ಕಡಿಮೆಯಾದರೆ ಕಡ್ಡಿ ಮೃದು, ಗೆರೆ ಕಪ್ಪು. ಪೆನ್ಸಿಲ್ಲಿನ ಬೆನ್ನಿನ ಮೇಲಿನ ಎಚ್, ಬಿ ಅಕ್ಷರಗಳ ಗುಟ್ಟು ಇಷ್ಟೇ. ಕಲ್ಲಿಗೂ ಮಣ್ಣಿಗೂ ಬೆಂಕಿಗೂ ಸಂಬಂಧ ಕಟ್ಟಿಕೊಂಡ ಊರಿನವನಿಗೆ ಇದನ್ನು ಓದಿದಾಗ ಪೆನ್ಸಿಲ್ ನಮ್ಮ ಪೈಕಿಯದೇ ಅನಿಸಿತು. ನನಗೆ ಎಚ್‌ಬಿ ಒಂದು, ಫೋರ್‌ಬಿ ಒಂದು ಸಾಕು.

ಇದ್ದಿಲಿಗೆ ಅಂಗಡಿಯ ಹಂಗಿಲ್ಲ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಡೆ ಮನೆಮನೆಯ ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಹೊರೆ ಇರುತ್ತದೆ. ಬೆರಳಿಗಿಂತ ತೆಳುವಾದ ನೇರ ಕಡ್ಡಿಗಳನ್ನು ಆರಿಸಿ, ಸಿಪ್ಪೆ ಕೆರೆದು, ಗೇಣುದ್ದ ಕತ್ತರಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಬೇಕು. ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು. ಡಬ್ಬಿಯನ್ನು ಒಲೆಯ ಕೆಂಡದಲ್ಲಿ ಹೂಳಬೇಕು. ತೂತಿನಿಂದ ಮೊದಲು ಬಿಳಿಯ ಹಬೆ, ಆಮೇಲೆ ಹಳದಿಯ ಹೊಗೆ ಬರುತ್ತದೆ. ಹೊಗೆ ನಿಂತಿತೆಂದರೆ ಕೆಲಸವಾಯಿತು. ಡಬ್ಬಿ ಪೂರ್ತಿ ಆರುವ ತನಕ ಮುಚ್ಚಳ ತೆಗೆಯಕೂಡದು. ಬಿಸಿಯಿದ್ದಾಗ ಗಾಳಿ ತಾಗಿದರೆ ಎಲ್ಲ ಬೂದಿ. ಗಾಳಿಯಿಲ್ಲದೆ ಬೆಂದ ಈ ಕಡ್ಡಿ ಹಾಳೆಯ ಮೇಲೆ ಮಖಮಲ್ಲಿನಂತೆ ಕಪ್ಪು ಬಿಡುತ್ತದೆ. ತೊಗರಿ ಕಟ್ಟಿಗೆಯ ಇದ್ದಿಲನ್ನು ಹಿಂದಿನ ಕಾಲದಲ್ಲಿ ತುಪಾಕಿಯ ಮದ್ದಿಗೆ ಬೆರೆಸುತ್ತಿದ್ದರೆಂದು ಓದಿದ್ದೇನೆ. ಅದು ಚಿತ್ರಕ್ಕೂ ಒದಗುತ್ತದೆಂಬುದು ನಮ್ಮ ಹಿತ್ತಲಿನ ಸುದೈವ.

ನೀರುಬಣ್ಣ ನಮ್ಮ ಹವೆಗೆ ಒಗ್ಗದ ಸೊಸೆ. ತಂಪು ದೇಶದ ಪುಸ್ತಕಗಳು ‘ಬಣ್ಣ ತಾನಾಗಿ ಹರಿಯಲಿ’ ಎನ್ನುತ್ತವೆ. ನಲವತ್ತು ಡಿಗ್ರಿ ದಾಟಿದ ಬೇಸಗೆಯಲ್ಲಿ ಕುಂಚ ಎತ್ತುವುದರೊಳಗೆ ಬಣ್ಣ ಒಣಗಿ ಅಂಚು ಕಟ್ಟುತ್ತದೆ. ಹಾಳೆಯ ಹಿಂಬದಿಗೂ ನೀರು ಸವರಿ, ಒದ್ದೆ ಮಾಡಿದ ಫರ್ಸಿಯ ತುಂಡಿನ ಮೇಲೆ ಅದನ್ನು ಅಂಟಿಸಿಕೊಂಡು, ಸೂರ್ಯ ಹುಟ್ಟುವ ಮುಂಚೆ ಕುಳಿತರೆ ಅರ್ಧ ತಾಸು ಅನುಕೂಲ ದೊರೆಯುತ್ತದೆ. ಕಲ್ಲು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಎದ್ದರೆ ಒದ್ದೆ ಬಣ್ಣದ ಮೇಲೆ ಊರಿನ ಧೂಳು ಬಂದು ಕೂರುತ್ತದೆ. ಅದನ್ನು ಕೆರೆದು ತೆಗೆಯುವುದಿಲ್ಲ. ಊರಿನ ಚಿತ್ರದಲ್ಲಿ ಊರು ತಾನೇ ಬಂದು ಒಂದಿಷ್ಟು ಪಾಲು ಕೇಳಿದರೆ ಬೇಡವೆನ್ನುವುದು ಹೇಗೆ?

ಅಂಗಡಿಯ ಬಣ್ಣ ಮುಗಿದಾಗ ನೆಲದ ಬಣ್ಣ ಇದ್ದೇ ಇದೆ. ಚಿಂಚೋಳಿಯ ಕಡೆಯ ಕೆಮ್ಮಣ್ಣು, ನಮ್ಮ ಹೊಲದ ಎರೆಮಣ್ಣು, ಖಣಿಯ ಸಂದಿನ ಹಳದಿ ಮಣ್ಣು, ದೀಪದ ಕಾಡಿಗೆ, ಸುಣ್ಣ. ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಒಣಗಿಸಿದರೆ ನವಿರಾದ ಪುಡಿ ಸಿಗುತ್ತದೆ. ಜಾಲಿಯ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಸೋಸಿ ಬೆರೆಸಿದರೆ ಬಣ್ಣ ಸಿದ್ಧ. ಈ ಐದರಿಂದ ಹಸಿರು ಬರುವುದಿಲ್ಲ, ನೀಲಿ ಬರುವುದಿಲ್ಲ. ಆದರೆ ಬೇಸಗೆಯ ರಾವೂರಿನಲ್ಲಿ ಅವೆರಡರ ಅಗತ್ಯ ಅಷ್ಟಾಗಿ ಬೀಳುವುದೂ ಇಲ್ಲ.

ಸಲಕರಣೆ ಕಡಿಮೆಯಿರುವುದು ಬಡತನವೆಂದು ನಾನು ತಿಳಿದಿಲ್ಲ. ಈ ಪಾಠವನ್ನು ಕಲಿತದ್ದು ನನ್ನ ತಾಯಿಯಿಂದ. ಬೆಳಗಿನ ಜಾವದಲ್ಲಿ ಅಂಗಳಕ್ಕೆ ಚಳೆ ಹೊಡೆದು, ಫರ್ಸಿಯ ಮೇಲೆ ಅವಳು ರಂಗೋಲಿ ಇಡುತ್ತಿದ್ದಳು. ಒಂದು ಬಟ್ಟಲು ಬಿಳಿಯ ಪುಡಿ, ಎರಡು ಬೆರಳು, ಮೊದಲೇ ಎಣಿಸಿಟ್ಟ ಚುಕ್ಕಿಗಳು. ಯಾವ ಎಳೆ ಎಲ್ಲಿ ತಿರುಗಿ ಎಲ್ಲಿ ಬಂದು ಕೂಡಬೇಕೆಂಬ ಲೆಕ್ಕ ಕೈಯಲ್ಲಿಯೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ದನ ಹಾದು, ಮಕ್ಕಳು ಓಡಿ, ಗಾಳಿ ಬೀಸಿ ಎಲ್ಲ ಅಳಿಸಿಹೋಗುತ್ತಿತ್ತು. ಒಂದು ದಿನವಾದರೂ ಅವಳು ಅದಕ್ಕಾಗಿ ಮರುಗಿದ್ದನ್ನು ನಾನು ಕಾಣೆ. ಮರುದಿನ ಮತ್ತೆ ಚಳೆ, ಮತ್ತೆ ಚುಕ್ಕಿ. ಸಹಿಯಿಲ್ಲ, ಬೆಲೆಯಿಲ್ಲ, ಉಳಿಯುವ ಆಸೆಯಿಲ್ಲ. ಆದರೂ ಒಂದು ಎಳೆ ಸೊಟ್ಟಗಾದರೆ ಒರೆಸಿ ಮತ್ತೆ ಇಡದೆ ಒಳಗೆ ಹೋಗುತ್ತಿರಲಿಲ್ಲ. ಹವ್ಯಾಸದ ಪೂರ್ಣ ಸ್ವರೂಪ ಅದು. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು ಮಾಡುವ ಹುಡುಗರು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವ ಹುಡುಗಿಯರು, ಇವರೆಲ್ಲ ಇದೇ ಸಂಪ್ರದಾಯದವರು. ನಮ್ಮ ಕಡೆ ಕಲೆಯೆಂಬುದು ಮನೆಗೆಲಸದ ಸಾಲಿನಲ್ಲಿಯೇ ಕುಳಿತಿತ್ತು. ಅದನ್ನು ಎಬ್ಬಿಸಿ ಬೇರೆ ಪೀಠ ಹಾಕಿದ್ದು ಈಚಿನವರು.

ನಾನು ದಿನವೂ ಗಾಡಿಯಲ್ಲಿ ದಾಟುತ್ತಿದ್ದ ಮಳಖೇಡದ ನೆನಪು ಇಲ್ಲಿ ಬಾರದೆ ಇರದು. ಕಾಗಿಣಾ ನದಿಯ ದಡದ ಈ ಊರು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’, ಕಾವ್ಯಶಾಸ್ತ್ರ ಓದದ ಕನ್ನಡ ಜನರೂ ಕಾವ್ಯದಲ್ಲಿ ನುರಿತವರೆಂದು ಹೇಳುತ್ತದೆ. ಲಕ್ಷಣಗ್ರಂಥವೊಂದು ಶಾಲೆಯ ಹೊರಗಿನವರಿಗೆ ಸಲ್ಲಿಸಿದ ಗೌರವ ಇದು. ಅರಮನೆಯಲ್ಲಿ ಕುಳಿತು ಹೀಗೆ ಬರೆಯಬೇಕಾದರೆ ಆ ಗ್ರಂಥಕರ್ತ ಹೊರಗಿನ ಜನರ ಹಾಡು ಮಾತುಗಳಿಗೆ ಕಿವಿಗೊಟ್ಟಿರಲೇಬೇಕು. ಮಳಖೇಡದ ಹಾಳು ಕೋಟೆಯನ್ನು ರಜೆಯ ದಿನಗಳಲ್ಲಿ ನಾನು ಎಷ್ಟೋ ಸಲ ಚಿತ್ರಿಸಿದ್ದೇನೆ. ಅಲ್ಲಿ ಕುಳಿತಾಗಲೆಲ್ಲ, ಪದವಿಯಿಲ್ಲದವನ ಕೈಗೂ ಈ ನೆಲದಲ್ಲಿ ಹಳೆಯದೊಂದು ಪರವಾನಗಿ ಇದೆ ಎಂದು ಧೈರ್ಯವಾಗುತ್ತದೆ.

ವೃತ್ತಿಯವರ ಹಿರಿಮೆಯನ್ನು ಅಲ್ಲಗಳೆಯಲು ಇದನ್ನು ಹೇಳುತ್ತಿಲ್ಲ. ನಮ್ಮ ತಾಲೂಕಿನ ಭೀಮಾತೀರದ ಸನ್ನತಿಯನ್ನು ನೋಡಿದವರಿಗೆ ಆ ಭ್ರಮೆ ಉಳಿಯದು. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿಯ ಪೀಠಗಲ್ಲಿನ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ‘ರಾಯ ಅಸೋಕ’ ಎಂದು ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೆತ್ತಿದ ಅಶೋಕನ ಉಬ್ಬುಶಿಲ್ಪವೂ ದೊರೆತವು. ಕಲ್ಲು ನಮ್ಮದೇ ಸೀಮೆಯ ಸುಣ್ಣದಕಲ್ಲು. ನಾವು ನೆಲಕ್ಕೆ ಹಾಸಿ ಮೇಲೆ ನಡೆದಾಡುವ ಜಾತಿಯ ಕಲ್ಲಿನಲ್ಲಿ ಆ ಶಿಲ್ಪಿಗಳು ರಾಜನ ಮೈಯ ಬಾಗು, ಬಟ್ಟೆಯ ನೆರಿಗೆ, ಪಕ್ಕದಲ್ಲಿ ನಿಂತವಳ ಸಂಕೋಚ ಎಲ್ಲವನ್ನೂ ಹೊರತೆಗೆದಿದ್ದಾರೆ. ಆಳವಾದ ಕೆತ್ತನೆಯಲ್ಲ, ಪದರುಗಲ್ಲು ಬಹಳ ಆಳವನ್ನು ಸಹಿಸದು. ಗೆರೆಯ ಬಲದಿಂದಲೇ ಮೈ ತುಂಬಿಸಿದ್ದಾರೆ. ಆ ಶಿಲ್ಪಗಳ ಮುಂದೆ ನಿಂತರೆ ಪೆನ್ಸಿಲ್ ಹಿಡಿಯುವವನಿಗೆ ಹತ್ತು ಪುಸ್ತಕ ಓದಿದ ಲಾಭ.

ಹತ್ತಿರದ ಕಾಲಕ್ಕೆ ಬಂದರೆ ಎಸ್. ಎಂ. ಪಂಡಿತರು ನಮ್ಮ ಕಲಬುರಗಿಯವರು. 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಅವರು ಮುಂಬಯಿಯಲ್ಲಿ ಚಲನಚಿತ್ರಗಳ ಪೋಸ್ಟರುಗಳನ್ನೂ ಪೌರಾಣಿಕ ಕ್ಯಾಲೆಂಡರುಗಳನ್ನೂ ಚಿತ್ರಿಸಿ ದೇಶದ ಗೋಡೆಗಳನ್ನೆಲ್ಲ ತುಂಬಿದರು. ನನ್ನ ಬಾಲ್ಯದಲ್ಲಿ ಅಂಗಡಿ ಅಂಗಡಿಗಳಲ್ಲಿ ತೂಗುತ್ತಿದ್ದ ಅಂಥ ಕ್ಯಾಲೆಂಡರುಗಳೇ ನಮಗೆಲ್ಲ ಕಲಾ ಗ್ಯಾಲರಿ. ಆ ಕೈಯ ಪಳಗಿಕೆ ಹವ್ಯಾಸಿಗೆ ಎಂದೂ ಬರುವುದಿಲ್ಲ. ದೇಹರಚನೆಯ ಜ್ಞಾನ, ತೈಲವರ್ಣದ ಹದ, ಇವು ಪೂರ್ತಿ ಆಯುಸ್ಸನ್ನು ಕೇಳುತ್ತವೆ. ಹವ್ಯಾಸಿಗೆ ಬೇರೊಂದು ಸ್ವಾತಂತ್ರ್ಯವಿದೆ. ರವೀಂದ್ರನಾಥ ಠಾಕೂರರು ಅರವತ್ತು ದಾಟಿದ ಮೇಲೆ, ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸುತ್ತ ಚಿತ್ರಗಳಿಗೆ ತೊಡಗಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳ ಪ್ರದರ್ಶನವಾಯಿತು. ಬೇಡವಾದ ಅಕ್ಷರಗಳಿಂದ ಚಿತ್ರ ಹುಟ್ಟಬಹುದೆಂದು ಯಾವ ಶಾಲೆಯೂ ಅವರಿಗೆ ಕಲಿಸಿರಲಿಲ್ಲ. ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಕೈಗೆ ಇಂಥವು ಹೊಳೆಯುತ್ತವೆ.

ಆದರೆ ಲೆಕ್ಕ ಒಪ್ಪಿಸಬೇಕಾಗಿಲ್ಲದಿರುವುದೇ ಹವ್ಯಾಸಿಯ ದೊಡ್ಡ ಅಪಾಯವೂ ಹೌದು. ಮನೆಯವರು ಚೆನ್ನಾಗಿದೆ ಎನ್ನುತ್ತಾರೆ. ಸ್ನೇಹಿತರು ಇನ್ನೂ ಚೆನ್ನಾಗಿದೆ ಎನ್ನುತ್ತಾರೆ. ಕೊಳ್ಳುವವನಿಲ್ಲ, ವಿಮರ್ಶಕನಿಲ್ಲ. ಸತ್ಯ ಹೇಳುವವರು ಯಾರು? ನನಗೆ ಆ ವಿಮರ್ಶಕರು ಖಣಿಯಲ್ಲಿ ಸಿಕ್ಕರು.

ಕಲ್ಲು ತೆಗೆಯುವುದನ್ನು ನೋಡದವರಿಗಾಗಿ ನಾಲ್ಕು ಮಾತು. ಈ ಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಅಂದಿನ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರಿನ ಮೇಲೆ ಪದರಾಗಿ ಕೂತು ಗಟ್ಟಿಯಾದದ್ದು. ಖಣಿಯ ಗೋಡೆ ನೋಡಿದರೆ ಅಡ್ಡಲಾಗಿ ಪೇರಿಸಿಟ್ಟ ಕೀರ್ದಿ ಪುಸ್ತಕಗಳ ಅಟ್ಟಿ ನೆನಪಾಗುತ್ತದೆ. ಮೇಲಿನ ಮಣ್ಣು ಸರಿಸಿ, ಕಲ್ಲಿನ ಮೈ ತೊಳೆದು, ಬೇಕಾದ ಅಳತೆಗೆ ಗೆರೆ ಹಾಕಿ, ಗೆರೆಯುದ್ದಕ್ಕೂ ಉಳಿಯಿಂದ ಕಚ್ಚು ಹೊಡೆಯುತ್ತಾರೆ. ಆಮೇಲೆ ಪದರಿನ ಸಂದಿಗೆ ಹಾರೆ. ಕೈಯಿಂದ ಸೀಳುವವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ಸುತ್ತಿಗೆಯ ಪೆಟ್ಟಿಗೆ ಕಲ್ಲು ಗಣಗಣ ಅಂದರೆ ಗಟ್ಟಿ. ಬದ್ದ ಅಂದರೆ ಒಳಗೆಲ್ಲೋ ಬಿರುಕಿದೆ. ಪದರು ಬಿಟ್ಟುಕೊಳ್ಳುವ ಗಳಿಗೆಯಲ್ಲಿ ನಿಟ್ಟುಸಿರಿನಂಥ ಒಂದು ಸಪ್ಪಳ ಬರುತ್ತದೆ. ಕೋಟ್ಯಂತರ ವರ್ಷ ಬೆಳಕು ಕಾಣದ ಮೈಯೊಂದು ಆಗ ಹೊರಬಂದು ಬಿಸಿಲಿಗೆ ಬೀಳುತ್ತದೆ. ಅದರ ಮೇಲೆ ಒಮ್ಮೊಮ್ಮೆ ಅಲೆಯ ಗುರುತುಗಳಿರುತ್ತವೆ.

ಹಲವು ವರ್ಷಗಳ ಹಿಂದೆ ಒಂದು ಭಾನುವಾರ ಇಂಥ ಖಣಿಯ ಅಂಚಿನಲ್ಲಿ ಕುಳಿತು ಇದ್ದಿಲಿನಿಂದ ಚಿತ್ರಿಸುತ್ತಿದ್ದೆ. ಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು. ಬಿಸಿಲೇರಿದಾಗ ಅವರಲ್ಲಿ ಹಿರಿಯನಾದವನು ನೀರು ಕುಡಿಯಲು ಮೇಲೆ ಬಂದು ನನ್ನ ಹಿಂದೆ ನಿಂತ.

‘ಏನ್ ತೆಗಿಲಿಕತ್ತೀರಿ ಸಾಹೇಬ್ರ?’ ಎಂದು ಕೇಳಿದ.

‘ನಿಮ್ಮ ಖಣಿ’ ಎಂದೆ.

‘ನಾವೂ ಅದನ್ನೇ ತೆಗಿಲಿಕತ್ತೀವಲ್ರಿ’ ಎಂದು ನಕ್ಕ.

ಆಮೇಲೆ ಹಾಳೆಯನ್ನು ಬಹಳ ಹೊತ್ತು ನೋಡಿದ. ತನ್ನ ಮುಖ ಹೇಗೆ ಬಂದಿದೆ ಎಂದು ನೋಡಲಿಲ್ಲ. ಗೋಡೆಯ ಪದರುಗಳನ್ನು ಬೆರಳಿನಿಂದ ಗಾಳಿಯಲ್ಲಿಯೇ ಎಣಿಸಿದ. ‘ಇದು ಮ್ಯಾಲಿನ ಪದರ ಅದ. ಇದರ ಕೆಳಗಿಂದು ನೀಲಿ, ಅದು ಛಲೋ ಕಲ್ಲು’ ಎಂದ. ಕಪ್ಪು ಇದ್ದಿಲಿನ ಹಾಳೆಯಲ್ಲಿ ಅವನು ನೀಲಿಯನ್ನು ಓದುತ್ತಿದ್ದ. ಕಡೆಗೆ ಕೆಳಗಿನ ಒಂದು ಚಪ್ಪಡಿಯ ಕಡೆ ಕೈ ಮಾಡಿ, ನಾನು ಇನ್ನೂ ಮುಟ್ಟದಿದ್ದ ಮೂಲೆಯನ್ನು ತೋರಿಸಿ ಹೇಳಿದ: ‘ಆ ಬಿರುಕು ಮಾತ್ರ ಬಿಡಬ್ಯಾಡ್ರಿ, ತೆಗೀರಿ. ಅದಕ್ಕ ನಮ್ಮಿಬ್ಬರ ಒಂದ್ ದಿನದ ಕೂಲಿ ಹೋಗ್ಯದ.’

ನಾನು ನೋಡಿದೆ. ಚಪ್ಪಡಿಯ ಒಂದು ಮೂಲೆಯಿಂದ ಹೊರಟು ನಡುವಿನ ತನಕ ಬಂದ, ಕೂದಲೆಳೆಯಂಥ ಗೆರೆ. ಚಿತ್ರಕಾರನ ಕಣ್ಣಿಗೆ ಅದು ಚೆಲುವಾದ ಗೆರೆ. ರಚನೆಗೆ ಓಟ ಕೊಡುವಂಥದು. ಎಣಿಕೆಯ ಮೇಲೆ ಕೂಲಿ ಪಡೆಯುವವನಿಗೆ ಬಿರುಕಿದ ಚಪ್ಪಡಿ ಎಣಿಕೆಗೇ ಇಲ್ಲ. ಬೆಳಗಿನಿಂದ ಇಬ್ಬರು ಬಗ್ಗಿಸಿದ ಬೆನ್ನು ಆ ಒಂದು ಎಳೆಯಲ್ಲಿ ಹರಿದುಹೋಗಿತ್ತು. ಅದನ್ನು ಯಾವ ದಫ್ತರವೂ ಬರೆದಿಟ್ಟುಕೊಳ್ಳುವುದಿಲ್ಲ. ಬರೆದಿಡುವ ಸಾಧನ ಆ ಹೊತ್ತಿಗೆ ಅಲ್ಲಿದ್ದದ್ದು ನ‌ನ್ನ ಕೈಯ ತೊಗರಿ ಕಟ್ಟಿಗೆಯೊಂದೇ. ಅವನ ಮಾತಿನಲ್ಲಿ ಬೇಡಿಕೆಯಿರಲಿಲ್ಲ. ಸಾಕ್ಷಿ ಹೇಳು ಎಂಬ ಅಪ್ಪಣೆ ಇತ್ತು. ನಾನು ಆ ಗೆರೆಯನ್ನು ಅವನ ಕಣ್ಣೆದುರಿಗೇ ತೆಗೆದೆ. ತೆಳ್ಳಗೆ, ಎಲ್ಲಿಯೂ ಒತ್ತದೆ. ‘ಹಾಂ, ಈಗ ಖರೆ ಆಯ್ತು’ ಎಂದು ಹೇಳಿ ಕೆಳಗಿಳಿದ. ನನ್ನ ಆಯುಸ್ಸಿನಲ್ಲಿ ನನಗೆ ಸಿಕ್ಕ ವಿಮರ್ಶೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಚಿತ್ರ ಮುಗಿದ ಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ: ‘ಇದರಿಂದ ನಿಮಗೇನ್ ಸಿಗ್ತದ್ರಿ?’ ಏನೂ ಸಿಗುವುದಿಲ್ಲವೆಂದೆ. ‘ಹಂಗಾದ್ರ ದಿನಾ ಯಾಕ್ ಬರ್ತೀರಿ?’ ಎಂದ. ಅವನಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಥಟ್ಟನೆ ಕೊಡುವ ಉತ್ತರವೂ ಅದಲ್ಲ. ಇಂದು ಕೇಳಿದರೆ ಹೀಗೆ ಹೇಳಿಯೇನು. ಈಗ ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಫೋನು, ಅದರೊಳಗೆ ಕ್ಯಾಮೆರಾ ಇದೆ. ಖಣಿಯ ಅಂಚಿಗೆ ಬಂದು ಒಂದು ಕ್ಷಣದಲ್ಲಿ ಹತ್ತು ಫೋಟೋ ತೆಗೆದುಕೊಂಡು ಹೋಗಬಹುದು. ಆ ಫೋಟೋದಲ್ಲಿ ಬಿರುಕೂ ಬಂದಿರುತ್ತದೆ. ಆದರೆ ಅದು ಒಂದು ದಿನದ ಕೂಲಿ ಎಂದು ಹೇಳಲು ಯಾರೂ ಮೇಲೆ ಹತ್ತಿ ಬಂದಿರುವುದಿಲ್ಲ. ಚಿತ್ರಕ್ಕೆ ಎರಡು ತಾಸು ಬೇಕು. ಎರಡು ತಾಸು ಒಂದೇ ಬಿಸಿಲಿನಲ್ಲಿ ಕುಳಿತವನ ಬಳಿಗೆ ಜನ ಬರುತ್ತಾರೆ, ನಿಲ್ಲುತ್ತಾರೆ, ಮಾತಾಡುತ್ತಾರೆ. ನನ್ನ ಪುಸ್ತಕಗಳಲ್ಲಿ ಚಿತ್ರಗಳ ಅಂಚಿಗೆ ಬರೆದುಕೊಂಡ ಇಂಥ ಮಾತುಗಳೇ ಚಿತ್ರಗಳಿಗಿಂತ ಬೆಲೆಯುಳ್ಳವು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಊರು ಬದಲಾಗುತ್ತಿದೆ. ವಾಡಿಯ ಸಿಮೆಂಟ್ ಕಾರ್ಖಾನೆ 1968ರಲ್ಲಿ ಶುರುವಾದಂದಿನಿಂದ ಇಲ್ಲಿಯ ಕಲ್ಲು ಹಾಸುಗಲ್ಲಾಗಿ ಮಾತ್ರವೇ ಊರು ಬಿಡುವುದಿಲ್ಲ. ಪುಡಿಯಾಗಿ, ಸುಟ್ಟು, ಚೀಲ ತುಂಬಿಯೂ ಹೋಗುತ್ತದೆ. ಉಳಿ ಸುತ್ತಿಗೆಗಳ ಜಾಗಕ್ಕೆ ಕೊಯ್ಯುವ ಯಂತ್ರಗಳು ಬಂದಿವೆ. ಮನೆ ಕಟ್ಟುವವರು ಹೊಳೆಯುವ ಟೈಲ್ಸ್ ಕೇಳುತ್ತಾರೆ. ಕೆಲಸ ಮುಗಿದ ಖಣಿಗಳಲ್ಲಿ ಮಳೆನೀರು ನಿಂತು ಹಸಿರಾಗಿದೆ, ಮಿಂಚುಳ್ಳಿಗಳು ಬಂದಿವೆ. ಇದರಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಪು ಕೊಡುವುದು ಚಿತ್ರಕಾರನ ಕೆಲಸವಲ್ಲ. ಕೈಯಿಂದ ಕಲ್ಲು ಸೀಳುವುದು ಬೆನ್ನು ಮುರಿಯುವ ದುಡಿಮೆ. ಅದು ಉಳಿಯಲಿ ಎಂದು ನೆರಳಿನಲ್ಲಿ ಕುಳಿತವನು ಹಾರೈಸಬಾರದು. ಆದರೆ ಸುತ್ತಿಗೆಯ ಸಪ್ಪಳಕ್ಕೆ ಕಿವಿಗೊಟ್ಟು ಬಿರುಕನ್ನು ಕಂಡುಹಿಡಿಯುವ ಆ ವಿದ್ಯೆ, ಹಾರೆಯ ಮೇಲೆ ಇಬ್ಬರ ನಾಲ್ಕು ಕೈಗಳು ಒಂದೇ ಲಯದಲ್ಲಿ ಕೂತ ಆ ರೀತಿ ಯಾರೂ ಗಮನಿಸದೆಯೇ ಹೋಗಿಬಿಡಬಾರದು. ನನ್ನ ಕೀರ್ದಿ ಪುಸ್ತಕಗಳಲ್ಲಿ ಜಮಾ ಆಗಿರುವುದು ಅಷ್ಟೇ. ಹಾಳೆಗಳು ಹಳದಿಯಾಗಿವೆ, ಇದ್ದಿಲು ಅಲ್ಲಲ್ಲಿ ಉದುರಿದೆ. ಆದರೂ ನೂರಾರು ಕೈಗಳು ಅಲ್ಲಿವೆ. ಹಿಡಿಯುವ, ಎತ್ತುವ, ನೀರು ಮೊಗೆದು ಕುಡಿಯುವ ಕೈಗಳು.

ಸ್ಫೂರ್ತಿಯ ಬಗ್ಗೆ ಕೇಳುವವರಿದ್ದಾರೆ. ನನಗೆ ತಿಳಿದ ಮಟ್ಟಿಗೆ ಅದು ಅತಿಥಿಯಂಥದು. ಬಾಗಿಲು ತೆರೆದಿರುವ ಮನೆಗೆ ಬರುತ್ತದೆ. ದಿನವೂ ಕುಳಿತರೆ ಹತ್ತು ದಿನಗಳಲ್ಲಿ ಎಂಟು ದಿನ ಸಾಮಾನ್ಯ ಪುಟಗಳೇ ಬರುತ್ತವೆ. ಕಲ್ಲು ತೆಗೆಯುವವರಿಗೂ ಮೊದಲು ಸಿಗುವುದು ಮಣ್ಣು, ಆಮೇಲೆ ಚೂರುಗಲ್ಲು. ಒಳ್ಳೆಯ ಪದರು ಕೆಳಗಿರುತ್ತದೆ. ಮೇಲಿನದನ್ನು ತೆಗೆಯದೆ ಕೆಳಗಿನದು ಸಿಗುವುದುಂಟೆ?

ಚಿತ್ರ ತೆಗೆಯಬೇಕೆಂಬ ಆಸೆಯಿದ್ದು, ವಯಸ್ಸಾಯಿತು, ಕಲಿತಿಲ್ಲ, ನಮ್ಮ ಊರಿನಲ್ಲಿ ಏನೂ ಇಲ್ಲ ಎಂದು ಹಿಂಜರಿಯುವವರಿಗೆ ನನ್ನ ಸಲಹೆ ಸರಳವಾದದ್ದು. ಒಂದು ಪೆನ್ಸಿಲ್, ಒಂದು ಗಟ್ಟಿ ಹೊಲಿಗೆಯ ಪುಸ್ತಕ ಕೊಂಡುಕೊಳ್ಳಿ. ಮನೆಯಿಂದ ನೂರು ಹೆಜ್ಜೆಯೊಳಗೆ ಇರುವುದನ್ನೇ ಆರಿಸಿಕೊಳ್ಳಿ. ಅರ್ಧ ತಾಸು ಕುಳಿತುಕೊಳ್ಳಿ. ಯಾರಾದರೂ ಹಿಂದೆ ಬಂದು ನಿಂತರೆ ಪುಸ್ತಕ ಮುಚ್ಚಬೇಡಿ. ಅವರು ಹೇಳುವುದನ್ನು ಕೇಳಿ, ಅಂಚಿನಲ್ಲಿ ಬರೆದುಕೊಳ್ಳಿ. ಮಕ್ಕಳಿದ್ದರೆ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಈಚೆಗೆ ನಮ್ಮ ಓಣಿಯ ಒಬ್ಬ ಹುಡುಗ ‘ನಮ್ಮ ಊರು’ ಎಂದು ಒಂದು ಚಿತ್ರ ತೆಗೆದುಕೊಂಡು ಬಂದ. ಗುಡ್ಡಗಳ ನಡುವೆ ಸೂರ್ಯ ಇದ್ದೇ ಇದ್ದ. ಆದರೆ ತೆಂಗಿನ ಮರದ ಜಾಗದಲ್ಲಿ ಒಂದರ ಮೇಲೊಂದು ಅಟ್ಟಿ ಹಚ್ಚಿದ ಫರ್ಸಿಗಳಿದ್ದವು. ಲಾರಿಗೆ ಹೇರುವ ಮೊದಲು ನಮ್ಮ ರಸ್ತೆಯ ಬದಿಯಲ್ಲಿ ಇರುವಂತೆಯೇ. ಎಣಿಸಿದೆ, ಹನ್ನೊಂದು ಇದ್ದವು. ‘ಹನ್ನೊಂದು ಯಾಕೋ?’ ಎಂದೆ. ‘ನಿನ್ನೆ ಅಷ್ಟೇ ಇದ್ದುವ್ರಿ ಕಾಕಾ’ ಎಂದ.